ಮೂರನೇ ಜ್ವರ

ಕಫದ ಡಬ್ಬಿಯ ಮೇಲೆ: ಅಜ್ಮತುಲ್ಲಾ, ಐವತ್ತೊಂಬತ್ತು,
ರೀಲರು, ಶಿಡ್ಲಘಟ್ಟ.
ಕೆಳಗೆ ಡಾಕ್ಟರ ಕೈಬರಹದಲ್ಲಿ: ಟಿ.ಬಿ.?
ಆ ಪ್ರಶ್ನೆಚಿಹ್ನೆಗೇ ನನಗೆ ಸಂಬಳ.

ಬಣ್ಣ ಹಾಕಿ, ಬೆಂಕಿ ತೋರಿಸಿ, ತೊಳೆದು
ನೂರು ಫೀಲ್ಡು ನೋಡಿದೆ. ಕೆಂಪು ಕಡ್ಡಿ ಒಂದೂ ಇಲ್ಲ.
ನೆಗೆಟಿವ್ ಎಂದು ಬರೆದು ಊಟಕ್ಕೆ ಏಳಬಹುದಿತ್ತು.
ಗಾಜಿನ ಅಂಚಿನಲ್ಲಿ ಮಾತ್ರ
ಯಾರೋ ಕಡಿದು ಬಿಟ್ಟ ದಾರದ ಹಾಗೆ
ಏನೋ ಒಂದು ಡೊಂಕಾಗಿ ಬಿದ್ದಿತ್ತು.
ನೂಲಿನ ಊರು, ಗಾಳಿಯಲ್ಲೇ ಎಳೆ ತೇಲುತ್ತದೆ,
ಬಿದ್ದಿರಬೇಕು ಎಂದುಕೊಂಡೆ.
ಆದರೂ ಡಬ್ಬಿಯ ತಳದಿಂದ ಒಂದು ಹನಿ ತೆಗೆದು
ಬಣ್ಣಗಿಣ್ಣ ಇಲ್ಲದೆ ಹಸಿಯಾಗಿ ಇಟ್ಟೆ.

ದಾರ ಹೊರಳಿತು.

ವಾರ್ಡಿಗೆ ಫೋನು ಮಾಡಿದಾಗ
ಡಾಕ್ಟರು ಬರೆಯುತ್ತಿದ್ದರಂತೆ:
ಉಬ್ಬಸ ಇಳಿದಿಲ್ಲ, ಸ್ಟಿರಾಯ್ಡು ಇಮ್ಮಡಿ.
ಬರೀಬೇಡಿ ಸಾರ್, ಎಂದೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ
ಯಾವ ಡಾಕ್ಟರಿಗೂ ನಾನು ಬೇಡ ಎಂದವಳಲ್ಲ.
ಕೆಳಗೆ ಬಂದು ನೋಡಿ. ಎದೆಯಿಂದ ಹುಳ ಬರ್ತಿದೆ.

ಏಳನೇ ವಯಸ್ಸಿಗೆ, ಜಂಗಮಕೋಟೆಯ ಕಡೆ,
ಯಾರದೋ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೀಳುವ ಕೂಲಿ.
ನೀರು ಕಟ್ಟಿದ ಸಾಲು,
ಬೇಲಿ ಮರೆಯಲ್ಲಿ ಊರೆಲ್ಲ ಚೊಂಬು ಹಿಡಿದು ಕೂತು ಹೋಗುವ ನೆಲ,
ಬರಿಗಾಲು.
ಬೆರಳ ಸಂದಿನಲ್ಲೊಂದು ತುರಿಕೆ, ಅಷ್ಟೆ.
ಹೊಕ್ಕಿದ್ದು ಕರುಳಿನಲ್ಲಿ ಒಕ್ಕಲಾಯಿತು,
ಮಕ್ಕಳು ಮೊಮ್ಮಕ್ಕಳು ಮಾಡಿಕೊಂಡು,
ಬಾಡಿಗೆ ಕೊಡದೆ, ಸದ್ದು ಮಾಡದೆ, ಐವತ್ತು ವರ್ಷ.
ಮೈಯ ಕಾವಲುಗಾರ ಎಚ್ಚರವಿದ್ದ,
ಹೆಚ್ಚಿದ್ದನ್ನು ಹೆಚ್ಚಿದ ಹಾಗೇ ತರಿಯುತ್ತಿದ್ದ.
ಒಮ್ಮೊಮ್ಮೆ ಸೊಂಟದ ಮೇಲೆ ಕೆಂಪು ಗೀರೊಂದು ಹರಿದು
ಮರುದಿನ ಮಾಯ;
ಗೂಡಿನ ನಂಜು ಎಂದು ಹೆಂಡತಿ ಕೊಬ್ಬರಿ ಎಣ್ಣೆ ಸವರಿದ್ದಳು.

ಆಮೇಲೆ ಉಬ್ಬಸ. ಬೇಸಿನ್ನಿನ ಹಬೆ, ಬೆಂದ ಹುಳದ ವಾಸನೆ,
ಅಂಗಡಿಯವನು ಚೀಟಿ ಕೇಳದೆ ಕೊಡುವ ಪುಟ್ಟ ಬಿಳಿ ಮಾತ್ರೆ.
ಹತ್ತು ತಿಂಗಳು ನುಂಗಿದ.
ಉಸಿರು ಸಲೀಸಾಯಿತು, ಕೆನ್ನೆ ದುಂಡಗಾಯಿತು,
ಮಾವನ ಮನೆಯಿಂದ ಬಂದ ಅಳಿಯನ ಹಾಗಿದೀಯ ಎಂದರು ಮಾರ್ಕೆಟ್ಟಿನಲ್ಲಿ.
ಒಳಗೆ ಕಾವಲುಗಾರ
ಕೋಲು ಪಕ್ಕಕ್ಕಿಟ್ಟು ಮಲಗಿದ್ದ.

ಮಾತ್ರೆ ಬದಲಾಯಿತು. ಆರನೇ ದಿನ ಆಕ್ಸಿಜನ್ ತೆಗೆದರು.
ಗೋಡೆ ಹಿಡಿದುಕೊಂಡು ನೇರ ಲ್ಯಾಬಿಗೇ ಬಂದ:
ಮೇಡಂ, ನನ್ ಹುಳ ನಂಗೆ ತೋರ್ಸಿ.
ಒಂದು ಕಣ್ಣು ಮುಚ್ಚಿ ನೋಡಿದ,
ಹರಾಜಿನಲ್ಲಿ ಗೂಡು ನೋಡುವ ಹಾಗೆ,
ತುಂಬ ಹೊತ್ತು, ರೇಟು ಹೇಳದೆ.
ಎಷ್ಟನೇ ಜ್ವರದ್ದು ಇದು?
ನಗು ಬಂತು. ನನ್ನ ಪುಸ್ತಕದಲ್ಲೂ
ಪೊರೆ ಕಳಚಿದ ಲೆಕ್ಕವೇ ಇರುವುದು.
ಎರಡು ಜ್ವರ ಎದ್ದಿದೆ, ಮೂರನೇದಕ್ಕೆ ಹೊರಟಿದೆ.
ಗೂಡು?
ಕಟ್ಟಲ್ಲ.
ಹಂಗಾದ್ರೆ ಇಷ್ಟು ವರ್ಷ ಸಾಕಿದ್ದು ದಂಡ, ಎಂದು ಕೆಮ್ಮಿದ.

ಆಮೇಲೆ ಮೆಲ್ಲಗೆ, ಬಾಗಿಲ ಕಡೆ ನೋಡುತ್ತ:
ನಲವತ್ತು ವರ್ಷ ಕುದಿಯೋ ನೀರಿಗೆ ಹುಳ ಹಾಕಿದೀನಿ.
ಅವುಗಳ ಶಾಪ ಅಂತಾಳೆ ಮನೇಲಿ.

ಏನಿಲ್ಲ ಸಾಬ್ರೇ, ಎಂದೆ, ಸ್ಲೈಡು ತೆಗೆಯುತ್ತ.
ಆಗ ನಿಮ್ಗೆ ಚಪ್ಪಲಿ ಇರ್ಲಿಲ್ಲ.

ಕಾಲು ನೋಡಿಕೊಂಡ.
ನೀಲಿ ರಬ್ಬರು ಚಪ್ಪಲಿ, ಮಗಳು ತಂದದ್ದು,
ಒಂದು ನಂಬರು ದೊಡ್ಡದು.

ಹದಿನಾಲ್ಕನೇ ದಿನದ ಡಬ್ಬಿ ಈಗ ನನ್ನ ಮುಂದಿದೆ.
ಊಟದ ಹೊತ್ತು ಮೀರಿದೆ.
ಮೊದಲ ಹನಿ: ಏನೂ ಇಲ್ಲ.
ಎರಡನೆಯದು: ಅಂಚಿನಲ್ಲಿ ಒಂದು ದಾರ, ಡೊಂಕು.
ಉಸಿರು ಹಿಡಿದು ಕಾಯುತ್ತೇನೆ.
ಗಡಿಯಾರದ ಮುಳ್ಳು ಐದು ಸುತ್ತು ಬರಲಿ.
ಅಲ್ಲಾಡದು.
ಬೆಳಕು ಹೆಚ್ಚಿಸಿ ನೋಡುತ್ತೇನೆ:
ಹೊಳೆಯುತ್ತದೆ.

ರೇಷ್ಮೆ. ಬರೀ ರೇಷ್ಮೆ.